ಒಂದು ದಿನ ತಪ್ಪಿದ ಮಳೆ: ಮಂಡ್ಯದ ರಾಗಿ, ಇಂಟರ್ನೆಟ್ಟಿನ ಡೇಟಾ, ಒಂದು ಪಿಎಚ್‌ಡಿ

ಇಂಟರ್ನೆಟ್ಟಿನಲ್ಲಿ ಸಿಕ್ಕ ಮಳೆ ಲೆಕ್ಕವನ್ನು ನಂಬಿ ಬರೆದ ಪ್ರಬಂಧದ ಅಧ್ಯಾಯವೊಂದನ್ನು ಕೊನೆಗೆ ಕೈಬಿಡಬೇಕಾಗಿ ಬಂದ ಪ್ರಕರಣ ಇದು. ಮೈಸೂರಿನಲ್ಲಿ ಸಂಶೋಧನಾ ವಿದ್ಯಾರ್ಥಿಗಳಿಗೆ ಅಂಕಿಅಂಶದ ಕೆಲಸದಲ್ಲಿ ನೆರವಾಗುವುದು ನನ್ನ ಕೆಲಸ. ಇಂಥ ಪ್ರಕರಣಗಳು ಆಗಾಗ ಬರುತ್ತವೆ. ಆದರೆ ಇಷ್ಟು ತೊಡಕುಗಳು ಒಂದೇ ಕಡೆ ಸೇರಿದ್ದು, ಒಂದೊಂದನ್ನೂ ತಾಳ್ಮೆಯಿಂದ ಬಿಡಿಸಿದ್ದು ಅಪರೂಪ. ಸಂಶೋಧಕಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಊರು, ವರ್ಷ, ಕಚೇರಿ ಯಾವುದನ್ನೂ ಹೇಳಿಲ್ಲ.

ಹಿನ್ನೆಲೆ

ಮಂಡ್ಯ ಎಂದರೆ ಹೊರಗಿನವರಿಗೆ ಕಬ್ಬು, ಭತ್ತ, ವಿಶ್ವೇಶ್ವರಯ್ಯ ನಾಲೆ ನೆನಪಾಗುತ್ತದೆ. ನಾಲೆ ನೀರು ಹತ್ತದ ಊರುಗಳೂ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ನಾಗಮಂಗಲ, ಕೆ.ಆರ್. ಪೇಟೆ, ಮಳವಳ್ಳಿ ತಾಲ್ಲೂಕುಗಳ ಎಷ್ಟೋ ಕಡೆ ಇವತ್ತಿಗೂ ರಾಗಿಗೆ ಮಳೆಯೇ ಗತಿ. ವರ್ಷಕ್ಕೆ ಬೀಳುವುದು ಸುಮಾರು 700 ಮಿ.ಮೀ. ಮಳೆ. ಅದರಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನ ಪಾಲು ದೊಡ್ಡದು. ಉತ್ತರೆ ಕೈಕೊಟ್ಟಿತು, ಹಸ್ತೆ ಬಂತು, ಚಿತ್ತೆ ಉಳಿಸಿತು ಎಂದು ರೈತರು ಮಳೆ ಮಳೆಯನ್ನೂ ಬಿಡಿಸಿ ಲೆಕ್ಕ ಹಾಕುವುದು ಸುಮ್ನೆ ಅಲ್ಲ. ಒಟ್ಟು ಎಷ್ಟು ಬಿತ್ತು ಎನ್ನುವುದಕ್ಕಿಂತ, ತೆನೆ ಬಿಡುವ ಹೊತ್ತಿನಲ್ಲಿ ಎಷ್ಟು ದಿನ ಒಣಗಿತು ಎನ್ನುವುದೇ ಬೆಳೆಯ ಹಣೆಬರಹ.

ಈ ಸಂಶೋಧಕಿ ಅಂಥದ್ದೇ ಊರಿನವರು. ಅವರ ಪಿಎಚ್‌ಡಿ ಪ್ರಶ್ನೆಯೂ ಅಲ್ಲಿಂದಲೇ ಬಂದದ್ದು: ಬೆಳೆಯ ನಡುವೆ ಮಳೆ ಬಿಡುವು ಕೊಟ್ಟರೆ ರಾಗಿ ಇಳುವರಿ ಎಷ್ಟು ಕುಸಿಯುತ್ತದೆ? ಮಂಡ್ಯ, ಮೈಸೂರು ಎರಡೂ ಜಿಲ್ಲೆಗೆ ಇದನ್ನು ನೋಡಬೇಕು ಎಂದು ಹೊರಟಿದ್ದರು.

ಹೊಸದಾಗಿ ಅಳೆಯಲು ದುಡ್ಡೂ ಇಲ್ಲ, ಕಾಲವೂ ಇಲ್ಲ. ಹಾಗಾಗಿ ಎಲ್ಲ ಡೇಟಾ ಆನ್‌ಲೈನಿನಿಂದ. ಭಾರತ ಹವಾಮಾನ ಇಲಾಖೆ ದೇಶವನ್ನು ಚೌಕಗಳಾಗಿ ಮಾಡಿ 1901ರಿಂದ ಕೊಡುವ ದಿನದ ಮಳೆ ಲೆಕ್ಕ. ನಾಸಾದ ಐಮರ್ಗ್ ಎಂಬ ಉಪಗ್ರಹ ಆಧಾರಿತ ಲೆಕ್ಕ. ಜಿಲ್ಲಾವಾರು ರಾಗಿ ವಿಸ್ತೀರ್ಣ ಮತ್ತು ಇಳುವರಿ. ಇವುಗಳ ಜೊತೆಗೆ, ಸ್ಥಳೀಯ ಮಳೆಮಾಪಕಗಳ ದಿನದ ಲೆಕ್ಕ ಎಂದು ಯಾರೋ ಒಂದು ತಾಣದಲ್ಲಿ ಏರಿಸಿದ್ದ ಸಿಎಸ್‌ವಿ ಫೈಲ್, ಅಂದರೆ ಸಾದಾ ಅಕ್ಷರದ ಕೋಷ್ಟಕ. ಈ ಕೊನೆಯದರಲ್ಲಿ ಇದ್ದದ್ದು ಮೂರೇ ಕಾಲಂ: ತಾರೀಖು, ಸ್ಥಳ, ಮಳೆ. ಇಂಚೋ ಮಿಲಿಮೀಟರೋ ಅದೂ ಬರೆದಿರಲಿಲ್ಲ. ಆದರೆ ಉಚಿತ, ಒಂದೇ ಕ್ಲಿಕ್ಕಿಗೆ ಇಳಿಯುತ್ತಿತ್ತು. ಎಷ್ಟೋ ಜನ ಇಳಿಸಿಕೊಂಡಿದ್ದರು.

ಸಮಸ್ಯೆ

ಮಾಪಕದ ಲೆಕ್ಕವನ್ನೂ ಉಪಗ್ರಹದ ಲೆಕ್ಕವನ್ನೂ ಅಕ್ಕಪಕ್ಕ ಇಟ್ಟಾಗ ಒಂದಕ್ಕೊಂದು ಸಂಬಂಧವೇ ಕಾಣಲಿಲ್ಲ. ಮಾಪಕ ಭಾರಿ ಮಳೆ ಎಂದ ದಿನ ಉಪಗ್ರಹ ಒಣ ದಿನ ಎನ್ನುತ್ತಿತ್ತು. ಉಪಗ್ರಹ ಮಳೆ ಎಂದ ದಿನ ಮಾಪಕದಲ್ಲಿ ಸೊನ್ನೆ. ಒಂದು ಊರಲ್ಲಿ ಅಲ್ಲ, ಎಲ್ಲ ಕಡೆಯೂ ಹಾಗೆಯೇ.

ಗೈಡ್‌ಗೆ ಇದು ಒಳ್ಳೆಯ ಸುದ್ದಿ ಎನಿಸಿತು. "ಇದೇ ಒಂದು ಅಧ್ಯಾಯ ಆಗುತ್ತೆ ಕಣಮ್ಮ, ಬರಿ. ಉಪಗ್ರಹದ ಮಳೆ ನಮ್ಮ ಸೀಮೆಗೆ ಹೊಂದಲ್ಲ ಅಂತ ಯಾರೂ ಇಷ್ಟು ಚೆನ್ನಾಗಿ ತೋರಿಸಿಲ್ಲ" ಎಂದರಂತೆ. ಸಂಶೋಧಕಿ ಬರೆದರು. ಪತ್ರಿಕೆಗೆ ಕಳಿಸುವ ಮುಂಚೆ ಲೆಕ್ಕ ಸರಿಯಿದೆಯಾ ನೋಡಿಕೊಡಿ ಎಂದು ನನ್ನ ಹತ್ತಿರ ತಂದರು.

ಲೆಕ್ಕ ಸರಿಯಾಗಿಯೇ ಇತ್ತು. ಸೂತ್ರಗಳಲ್ಲಿ ಒಂದು ತಪ್ಪೂ ಇರಲಿಲ್ಲ. ಹೀಗಿದ್ದಾಗಲೇ ಜಾಸ್ತಿ ಎಚ್ಚರ ಬೇಕು ಎಂದು ನನ್ನ ಅನುಭವ. ಲೆಕ್ಕದ ತಪ್ಪಾದರೆ ಯಾರಾದರೂ ಹಿಡಿಯುತ್ತಾರೆ. ಲೆಕ್ಕಕ್ಕೆ ಮುಂಚೆ ಆದ ತಪ್ಪನ್ನು ಯಾವ ಪರೀಕ್ಷಕರೂ ಸುಲಭಕ್ಕೆ ಹಿಡಿಯುವುದಿಲ್ಲ. ಪತ್ರಿಕೆಗೆ ಕಳಿಸುವುದನ್ನು ನಿಲ್ಲಿಸಿ, ಮೊದಲು ತಿಂಗಳ ಮೊತ್ತ ಹಾಕಿ ನೋಡೋಣ ಎಂದೆ. ದಿನದ ಲೆಕ್ಕ ಹೊಂದದಿದ್ದರೂ ತಿಂಗಳ ಲೆಕ್ಕ ಹೊಂದಿದರೆ ತೊಂದರೆ ಅಳತೆಯಲ್ಲಿ ಇಲ್ಲ, ತಾರೀಖಿನಲ್ಲಿದೆ ಎಂದರ್ಥ.

ಜನವರಿ 10

ತಿಂಗಳ ಮೊತ್ತವೂ ಹೊಂದಲಿಲ್ಲ. ಆದರೆ ಹಾಳೆಯ ಮೇಲೆ ಬೆರಳಿಟ್ಟು ನೋಡುತ್ತಿದ್ದ ಸಂಶೋಧಕಿ ಒಂದು ಸಾಲಿನ ಹತ್ತಿರ ನಿಂತರು. ಜನವರಿ 10ಕ್ಕೆ ಜೋರು ಮಳೆ ಎಂದಿತ್ತು. "ಇದು ಸಾಧ್ಯವೇ ಇಲ್ಲ. ಆಗ ರಾಗಿ ಕಣದಲ್ಲಿ ಇರುತ್ತೆ. ಸಂಕ್ರಾಂತಿ ಮುಂದೆ ಇಂಥ ಮಳೆ ಬಂದಿದ್ರೆ ಊರಿಗೆ ಊರೇ ಆ ವರ್ಷವನ್ನ ಮರೀತಿರ್ಲಿಲ್ಲ" ಎಂದರು.

ಈ ಪ್ರಕರಣದ ಮೊದಲ ತಿರುವು ಇದು. ಯಾವ ಸಾಫ್ಟ್‌ವೇರೂ ಇದನ್ನು ಹೇಳುತ್ತಿರಲಿಲ್ಲ. ಜನವರಿಯಲ್ಲಿ ಮಳೆ ಬರಬಾರದು ಎಂದು ಕಂಪ್ಯೂಟರಿಗೆ ಯಾರೂ ಹೇಳಿಕೊಟ್ಟಿಲ್ಲ. ಕಣ ಮಾಡಿದ ಮನೆಯಲ್ಲಿ ಬೆಳೆದವರಿಗೆ ಮಾತ್ರ ಅದು ಕಣ್ಣಿಗೆ ಹೊಡೆಯುತ್ತದೆ.

ಫೈಲನ್ನು ಎಕ್ಸೆಲ್‌ನಲ್ಲಿ ಬಿಡಿಸಿ ತಾರೀಖಿನ ಕಾಲಂ ಅನ್ನು ಗಮನಿಸಿದೆವು. ಪ್ರತಿ ತಿಂಗಳ 1ರಿಂದ 12ರವರೆಗಿನ ತಾರೀಖುಗಳು ಕಾಲಮ್ಮಿನ ಬಲಕ್ಕೆ ಅಂಟಿದ್ದವು. 13ರಿಂದ ಮುಂದಿನವು ಎಡಕ್ಕೆ. ಗೊತ್ತಿದ್ದವರಿಗೆ ಇಷ್ಟು ಸಾಕು. ನಾವು ದಿನ ಮೊದಲು, ತಿಂಗಳು ಆಮೇಲೆ ಬರೆಯುತ್ತೇವೆ. ಅಮೆರಿಕದ ಪದ್ಧತಿಯಲ್ಲಿ ತಿಂಗಳು ಮೊದಲು. ಆ ಪದ್ಧತಿಗೆ ಹೊಂದಿಸಿದ ಕಂಪ್ಯೂಟರಿನಲ್ಲಿ ಯಾರೋ ಈ ಫೈಲನ್ನು ತೆರೆದು ಉಳಿಸಿದ್ದಾರೆ. 01/10 ಎಂದರೆ ಅಕ್ಟೋಬರ್ 1. ಎಕ್ಸೆಲ್ ಅದನ್ನು ಜನವರಿ 10 ಎಂದು ಓದಿದೆ. 13/10 ಬಂದಾಗ ಹದಿಮೂರನೇ ತಿಂಗಳು ಇಲ್ಲವಲ್ಲ, ಅದನ್ನು ಬರೀ ಅಕ್ಷರ ಎಂದುಕೊಂಡು ಎಡಕ್ಕೆ ಬಿಟ್ಟಿದೆ. ವರ್ಷಕ್ಕೆ 144 ದಿನ ಈ ಬಲೆಗೆ ಬೀಳುತ್ತವೆ. 1/1, 2/2ರಂಥ 12 ದಿನ ಬಿಟ್ಟರೆ 132 ದಿನಗಳ ಮಳೆ ಬೇರೆ ದಿನಕ್ಕೆ ಹೋಗಿ ಕೂತಿರುತ್ತದೆ.

ಇದು ನಮ್ಮ ಕಡೆಯ ತೊಂದರೆ ಮಾತ್ರ ಅಲ್ಲ. ಮಾರ್ಚ್1, ಸೆಪ್ಟ್2 ಎಂಬ ಹೆಸರಿನ ಜೀನ್‌ಗಳನ್ನು ಎಕ್ಸೆಲ್ ತಾರೀಖು ಎಂದುಕೊಂಡು ಬದಲಿಸಿಬಿಡುತ್ತಿತ್ತು. ಜೀನ್ ಪಟ್ಟಿಯನ್ನು ಎಕ್ಸೆಲ್ ಫೈಲಿನಲ್ಲಿ ಕೊಟ್ಟ ಪ್ರಬಂಧಗಳ ಪೈಕಿ ಸುಮಾರು ಐದರಲ್ಲಿ ಒಂದರಲ್ಲಿ ಈ ತಪ್ಪು ಇದೆ ಎಂದು 2016ರ ಒಂದು ಪರಿಶೀಲನೆ ತೋರಿಸಿತು. ಕೊನೆಗೆ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ 2020ರಲ್ಲಿ ಆ ಹೆಸರುಗಳನ್ನು ಬದಲಿಸಿತು.

ಈಗ ಏನು ಮಾಡುವುದು? ತಿರುಗುಮುರುಗಾದ ತಾರೀಖುಗಳನ್ನು ಮತ್ತೆ ತಿರುಗಿಸುವುದು ಹತ್ತು ನಿಮಿಷದ ಕೆಲಸ. ಗೈಡ್ ಅದನ್ನೇ ಹೇಳಿದರು. ಸಂಶೋಧಕಿ ಒಪ್ಪಲಿಲ್ಲ. ಈ ಒಂದು ತಪ್ಪು ಕಣ್ಣಿಗೆ ಬಿತ್ತು, ಬೀಳದ್ದು ಎಷ್ಟಿವೆಯೋ ಎನ್ನುವುದು ಅವರ ವಾದ. ತಿರುಗಿಸಿದ್ದೂ ಆಯಿತು, ಆದರೆ ಸರಿಯಾಗಿದೆಯೇ ಎಂದು ಮೂಲ ರಿಜಿಸ್ಟರಿನ ಜೊತೆ ಒಂದಷ್ಟು ತಿಂಗಳಾದರೂ ತಾಳೆ ನೋಡಲೇಬೇಕು ಎಂದು ಹೊರಟರು. ಇಡೀ ಪ್ರಕರಣದಲ್ಲಿ ಅವರು ತೆಗೆದುಕೊಂಡ ಅತ್ಯಂತ ಒಳ್ಳೆಯ ತೀರ್ಮಾನ ಇದೇ ಎಂದು ನನಗೆ ಅನಿಸುತ್ತದೆ.

ಬೆಳಗ್ಗೆ ಎಂಟೂವರೆ

ಒಂದು ಮಾಪಕ ಇದ್ದದ್ದು ಸರ್ಕಾರಿ ಕಚೇರಿಯೊಂದರ ಹಿತ್ತಲಿನಲ್ಲಿ. ಅದನ್ನು ನೋಡಿಕೊಳ್ಳುತ್ತಿದ್ದವರು ನಿವೃತ್ತಿ ಹತ್ತಿರ ಬಂದಿದ್ದ ಒಬ್ಬ ಸಿಬ್ಬಂದಿ. ಬೀರುವಿನಿಂದ ರಟ್ಟಿನ ರಿಜಿಸ್ಟರುಗಳನ್ನು ತೆಗೆದುಕೊಟ್ಟರು. ನೀಲಿ ಇಂಕಿನಲ್ಲಿ ದಿನದ ಲೆಕ್ಕ, ಕೆಂಪಿನಲ್ಲಿ ತಿಂಗಳ ಮೊತ್ತ. ತಿರುಗಿಸಿದ ತಾರೀಖುಗಳು ರಿಜಿಸ್ಟರಿಗೆ ಸರಿಯಾಗಿ ಕೂತವು. ಅಷ್ಟಕ್ಕೇ ಎದ್ದು ಬರಬಹುದಿತ್ತು. ಆದರೆ ಮಳೆಯನ್ನು ಹೇಗೆ ಅಳೀತೀರಿ ಅಣ್ಣ ಎಂದು ಸಂಶೋಧಕಿ ಕೇಳಿದರಂತೆ.

"ಬೆಳಗ್ಗೆ ಎಂಟೂವರೆಗೆ ಗ್ಲಾಸಿಗೆ ಸುರಿದು ಅಳೀತೀವಿ ಕಣವ್ವ. ನೆನ್ನೆ ಸಂಜೆ ಬಿದ್ದದ್ದು, ರಾತ್ರಿ ಬಿದ್ದದ್ದು ಎಲ್ಲ ಸೇರಿ ಇವತ್ತಿನ ತಾರೀಕಿಗೆ."

"ಹಂಗಾದ್ರೆ ನೆನ್ನೆ ಮಳೆನ ಇವತ್ತಿಂದು ಅಂತ ಬರೀತೀರಾ?"

"ಇನ್ನೇನವ್ವ, ಮೊದಲಿಂದ್ಲೂ ಹಂಗೇಯ."

ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ದೇಶದ ತುಂಬ ಹವಾಮಾನ ಇಲಾಖೆಯ ಪದ್ಧತಿಯೇ ಅದು. ಹಿಂದಿನ ದಿನ ಬೆಳಗ್ಗೆ 8:30ರಿಂದ ಇವತ್ತು ಬೆಳಗ್ಗೆ 8:30ರವರೆಗೆ ಬಿದ್ದ ಮಳೆ ಇವತ್ತಿನ ತಾರೀಖಿನಲ್ಲಿ ದಾಖಲಾಗುತ್ತದೆ. ಉಪಗ್ರಹದ ದಿನ ಹಾಗಲ್ಲ. ಅದು ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ ನಡುರಾತ್ರಿಯಿಂದ ನಡುರಾತ್ರಿಗೆ. ನಮ್ಮ ಗಡಿಯಾರದಲ್ಲಿ ಬೆಳಗ್ಗೆ 5:30ರಿಂದ ಮರುದಿನ ಬೆಳಗ್ಗೆ 5:30.

ಅಕ್ಟೋಬರ್ 10ರ ಸಂಜೆ ಏಳಕ್ಕೆ ಗುಡುಗಿನ ಮಳೆ ಬಂತು ಎನ್ನಿ. ಉಪಗ್ರಹದ ಲೆಕ್ಕದಲ್ಲಿ ಅದು 10ರ ಮಳೆ. ಮಾಪಕದ ಲೆಕ್ಕದಲ್ಲಿ 11ರ ಮಳೆ. ನಮ್ಮ ಕಡೆ ಆ ತಿಂಗಳ ಮಳೆ ಬಹುಪಾಲು ಸಂಜೆ, ರಾತ್ರಿಯೇ ಬರುವುದು. ಹಾಗಾಗಿ ಹೆಚ್ಚುಕಡಿಮೆ ಪ್ರತಿ ಮಳೆಯೂ ಒಂದು ದಿನ ಜರುಗಿ ಕಾಣುತ್ತದೆ. ಎರಡು ಲೆಕ್ಕಗಳೂ ಸರಿ. ಎರಡನ್ನೂ ತಾರೀಖು ನೋಡಿ ಜೋಡಿಸಿದ್ದೇ ತಪ್ಪು.

ಹವಾಮಾನ ಇಲಾಖೆಯ ವಿವರಣೆಯಲ್ಲಿ 8:30ರ ವಿಷಯ ಇದೆ. ನಾಸಾದ ವಿವರಣೆಯಲ್ಲಿ ಯುಟಿಸಿ ಎಂದು ಇದೆ. ಇಲ್ಲದಿದ್ದದ್ದು ಆ ಮೂರು ಕಾಲಮ್ಮಿನ ಫೈಲಿನಲ್ಲಿ. ಮೂಲದಿಂದ ಎತ್ತಿ ಇನ್ನೊಂದು ಕಡೆ ಇಡುವಾಗ ಅಂಕಿಗಳು ಬಂದಿವೆ, ಅಂಕಿಗಳ ಜೊತೆಗಿನ ಮಾತು ಹಿಂದೆಯೇ ಉಳಿದಿದೆ. ಒಂದು ಸಾಲು, 'ಬೆಳಗ್ಗೆ 8:30ಕ್ಕೆ ಅಳೆದದ್ದು' ಎಂಬ ಒಂದೇ ಸಾಲು ಇದ್ದಿದ್ದರೆ ಒಂದು ಅಧ್ಯಾಯದ ಶ್ರಮ ಉಳಿಯುತ್ತಿತ್ತು. ಇದನ್ನು ನೆನೆದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಡೇಟಾ ಹೇಗಿರಬೇಕು ಎಂಬ ಬಗ್ಗೆ 2016ರಿಂದ ಜಗತ್ತಿನ ಎಲ್ಲ ಕಡೆ ಉದ್ಧರಿಸುವ ಫೇರ್ ತತ್ವಗಳಿವೆ: ಹುಡುಕಿದರೆ ಸಿಗಬೇಕು, ತೆಗೆದುಕೊಳ್ಳಲು ಆಗಬೇಕು, ಬೇರೆಯದರ ಜೊತೆ ಜೋಡಿಸಲು ಬರಬೇಕು, ಮತ್ತೆ ಬಳಸಲು ಬರಬೇಕು. ಈ ಫೈಲ್ ಮೊದಲ ಎರಡರಲ್ಲಿ ಪಾಸು, ಉಳಿದೆರಡರಲ್ಲಿ ಫೇಲು. ಸಿಗುವುದೊಂದೇ ದೊಡ್ಡದು ಎಂದುಕೊಂಡವರು ಏರಿಸಿದ ಫೈಲುಗಳೆಲ್ಲ ಹೀಗೆಯೇ ಇರುತ್ತವೆ.

ಸರಿಪಡಿಸಿದ್ದು

ಉಪಗ್ರಹದ ಲೆಕ್ಕವನ್ನು ಒಂದು ದಿನ ಮುಂದಕ್ಕೆ ಜರುಗಿಸಿದರೆ ಬಹುಮಟ್ಟಿಗೆ ಸರಿಯಾಗುತ್ತದೆ. ಆದರೂ ಬೆಳಗ್ಗೆ 5:30ರಿಂದ 8:30ರ ನಡುವಿನ ಮೂರು ಗಂಟೆ ತಪ್ಪಿಯೇ ಇರುತ್ತದೆ. ಐಮರ್ಗ್‌ನಲ್ಲಿ ಒಂದು ಅನುಕೂಲ ಇದೆ. ಅದು ಅರ್ಧ ಗಂಟೆಗೊಂದು ಲೆಕ್ಕ ಕೊಡುತ್ತದೆ. ನಮ್ಮ 8:30 ಎಂದರೆ ಯುಟಿಸಿ 3:00, ಸರಿಯಾಗಿ ಅರ್ಧ ಗಂಟೆಯ ಗೆರೆಯ ಮೇಲೆ ಬರುತ್ತದೆ. ಹಾಗಾಗಿ ಸಿದ್ಧವಾಗಿ ಸಿಗುವ ದಿನದ ಫೈಲನ್ನು ಬಿಟ್ಟು, ಅರ್ಧ ಗಂಟೆಯ ಲೆಕ್ಕವನ್ನು 3:00ರಿಂದ 3:00ಕ್ಕೆ ಕೂಡಿದರೆ ಮಾಪಕದ ದಿನವೇ ಸಿಗುತ್ತದೆ. ದಿನಕ್ಕೆ 48 ಫೈಲ್, ವರ್ಷಕ್ಕೆ 17,520. ಮಂಡ್ಯದ ಸುತ್ತಲಿನ ಭಾಗವನ್ನಷ್ಟೇ ಕತ್ತರಿಸಿ ಕೊಡುವ ಸೌಲಭ್ಯ ನಾಸಾ ತಾಣದಲ್ಲಿ ಇದ್ದದ್ದರಿಂದ ಹಾಸ್ಟೆಲ್ ವೈಫೈನಲ್ಲೂ ಇದು ಆಗುವ ಕೆಲಸವಾಯಿತು.

ಹೀಗೆ ಕೂಡಿ ಪಕ್ಕಪಕ್ಕ ಇಟ್ಟಾಗ ಮಳೆ ಬಂದ ದಿನಗಳು ಒಂದರ ಮೇಲೊಂದು ಬಂದು ಕೂತವು. ಭಾರಿ ಮಳೆಯ ಪ್ರಮಾಣದಲ್ಲಿ ವ್ಯತ್ಯಾಸ ಉಳಿಯಿತು, ಅದು ನಿಜವಾದ ವ್ಯತ್ಯಾಸ. ಆದರೆ 'ಉಪಗ್ರಹದ ಮಳೆ ನಮ್ಮ ಸೀಮೆಗೆ ಹೊಂದುವುದಿಲ್ಲ' ಎಂಬ ಅಧ್ಯಾಯಕ್ಕೆ ನೆಲೆ ಉಳಿಯಲಿಲ್ಲ.

ಗೈಡ್ ಜೊತೆ ಮಾತಾಡಿದ ದಿನ ಸ್ವಲ್ಪ ಬಿಸಿಯಾಯಿತು. ಬರೆದದ್ದನ್ನು ಬಿಡುವುದು ಯಾರಿಗೂ ಸುಲಭ ಅಲ್ಲ, ಅದೂ ಅವಧಿ ಮುಗಿಯುತ್ತಾ ಬಂದಾಗ. ಆದರೆ ಎರಡು ಗ್ರಾಫ್‌ಗಳನ್ನು ಮುಂದಿಟ್ಟ ಮೇಲೆ ಅವರೇ ಅಧ್ಯಾಯ ತೆಗೆಯಲು ಹೇಳಿದರು. ಅದರ ಜಾಗದಲ್ಲಿ ಡೇಟಾ ಪರಿಶೀಲನೆಯನ್ನೇ ಒಂದು ಅಧ್ಯಾಯ ಮಾಡು ಎಂದವರೂ ಅವರೇ. ಅವರಿಗೆ ಇದು ಸಲ್ಲಬೇಕಾದ ಮೆಚ್ಚುಗೆ.

ರಿಜಿಸ್ಟರ್ ಕೈಗೆ ಸಿಕ್ಕ ಮೇಲೆ ಇನ್ನೂ ಒಂದು ವಿಷಯ ಗೊತ್ತಾಯಿತು, ಅದು ಸಂಶೋಧಕಿಯ ಮೂಲ ಪ್ರಶ್ನೆಗೆ ಇನ್ನೂ ಹತ್ತಿರದ್ದು. ರಿಜಿಸ್ಟರಿನಲ್ಲಿ ಕೆಲವು ದಿನ ಚಿಕ್ಕ ಗೆರೆ, ಕೆಲವು ದಿನ ಖಾಲಿ. ಗೆರೆ ಎಂದರೆ ಮಳೆ ಇಲ್ಲ. ಖಾಲಿ ಎಂದರೆ ಅವತ್ತು ಯಾರೂ ನೋಡಿಲ್ಲ. ಆನ್‌ಲೈನ್ ಫೈಲಿನಲ್ಲಿ ಎರಡೂ ಸೊನ್ನೆಯಾಗಿತ್ತು. ಮಳೆ ಬಿಡುವು ಎಷ್ಟು ದಿನ ಎಂದು ಎಣಿಸುವ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಕೆಡುಕು ಇಲ್ಲ. ನೋಡದೇ ಬಿಟ್ಟ ಒಂದು ದಿನ ಎರಡು ಸಣ್ಣ ಬಿಡುವುಗಳನ್ನು ಸೇರಿಸಿ ಒಂದು ಬರಗಾಲ ಮಾಡಿಬಿಡುತ್ತದೆ.

ಖಾಲಿ ಜಾಗಕ್ಕೆ -999 ಹಾಕುವ ಪದ್ಧತಿ ಇದಕ್ಕಿಂತ ಎಷ್ಟೋ ವಾಸಿ, ಹವಾಮಾನ ಇಲಾಖೆಯ ಚೌಕದ ಫೈಲುಗಳಲ್ಲಿ ಹಾಗೇ ಇರುತ್ತದೆ. ಅದಕ್ಕೂ ಗಮನ ಬೇಕು. 30 ವರ್ಷಗಳ ಅಕ್ಟೋಬರ್ ಮೊತ್ತದ ಸರಾಸರಿಗೆ ಒಂದೇ ಒಂದು -999 ಸೇರಿಕೊಂಡರೆ ಸರಾಸರಿ 33 ಮಿ.ಮೀ. ಕುಸಿಯುತ್ತದೆ. ನೋಡಿದವರಿಗೆ ಅನುಮಾನವೂ ಬರುವುದಿಲ್ಲ.

ರಜೆಯ ದಿನ ಅಳೆಯದೆ ಮರುದಿನ ಒಟ್ಟಿಗೆ ಅಳೆದಿರಬಹುದೇ ಎಂಬುದನ್ನೂ ಅವರು ನೋಡಿದರು. ಉಪಾಯ ಸರಳ: ವಾರದ ದಿನವಾರು ಮಳೆ ಕೂಡಿ ನೋಡುವುದು. ಮಳೆಗೆ ಭಾನುವಾರ ಗೊತ್ತಿಲ್ಲ, ಅಲ್ವಾ? ಹಲವು ವರ್ಷಗಳ ಲೆಕ್ಕದಲ್ಲಿ ಏಳೂ ದಿನ ಹೆಚ್ಚುಕಡಿಮೆ ಒಂದೇ ಸಮ ಇರಬೇಕು. ಒಂದು ಮಾಪಕದಲ್ಲಿ ಭಾನುವಾರ ಕಡಿಮೆ, ಸೋಮವಾರ ಜಾಸ್ತಿ ಬಂತು. ಅದನ್ನು ದಿನದ ಲೆಕ್ಕಕ್ಕೆ ಬಳಸದೆ ತಿಂಗಳ ಮೊತ್ತಕ್ಕೆ ಮಾತ್ರ ಇಟ್ಟುಕೊಂಡರು.

ಚೌಕದ ಲೆಕ್ಕ ಏಕೆ ಸಾಲಲಿಲ್ಲ

ಇಷ್ಟೆಲ್ಲ ಗೋಜು ಬೇಕಿತ್ತಾ, ಹವಾಮಾನ ಇಲಾಖೆಯ ಚೌಕದ ಡೇಟಾವನ್ನೇ ಬಳಸಬಹುದಿತ್ತಲ್ಲ ಎಂದು ಹಲವರು ಕೇಳಿದರು. ಅದರ ಗಡಿಯಾರವೂ 8:30ರದ್ದೇ, ವಿವರಣೆಯೂ ಚೆನ್ನಾಗಿದೆ. ಒಟ್ಟು ಮಳೆಗೆ ಅದು ತುಂಬ ಒಳ್ಳೆಯ ಡೇಟಾ. ಆದರೆ ಒಂದು ಚೌಕ 0.25 ಡಿಗ್ರಿ, ಅಂದರೆ ಸುಮಾರು 27 ಕಿ.ಮೀ. ಉದ್ದ, ಅಷ್ಟೇ ಅಗಲ. ಸುಮಾರು 5,000 ಚದರ ಕಿ.ಮೀ. ಇರುವ ಮಂಡ್ಯ ಜಿಲ್ಲೆಗೆ ಸಿಗುವುದು ಆರೇಳು ಚೌಕ. ನಮ್ಮ ಸಂಜೆ ಮಳೆ ಒಂದು ಹೋಬಳಿಯಲ್ಲಿ ಹೊಯ್ದು ಪಕ್ಕದ ಹೋಬಳಿಯಲ್ಲಿ ಧೂಳು ಎಬ್ಬಿಸಿ ಹೋಗುತ್ತದೆ. ಚೌಕದಲ್ಲಿ ಅದು ಎಲ್ಲರಿಗೂ ಹಂಚಿಹೋಗುತ್ತದೆ. 2.5 ಮಿ.ಮೀ. ಮುಟ್ಟಿದರೆ ಮಳೆ ದಿನ ಎನ್ನುವುದು ಇಲಾಖೆಯ ಅಳತೆಗೋಲು. ಚೌಕದ ಸರಾಸರಿ 3 ಮಿ.ಮೀ. ಬಂದರೆ, ಹನಿ ನೀರು ಕಾಣದ ಊರಿನ ರಾಗಿಗೂ ಅವತ್ತು ಮಳೆ ಬಂತು ಎಂದಾಗುತ್ತದೆ. ಬಿಡುವುಗಳು ತುಂಡಾಗುತ್ತವೆ. ಇನ್ನೊಂದು ಮಾತು: ಆ ಚೌಕಗಳು 6,955 ಮಾಪಕಗಳ ದಾಖಲೆಯಿಂದ ಬಂದವು, ಆದರೆ ಎಲ್ಲ ಮಾಪಕಗಳೂ ಎಲ್ಲ ವರ್ಷವೂ ಇರಲಿಲ್ಲ. ಹಾಗಾಗಿ ಒಂದು ಚೌಕದಲ್ಲಿ ಕಾಣುವ ಬದಲಾವಣೆ ಮಳೆಯದೋ ಮಾಪಕಗಳ ಸಂಖ್ಯೆಯದೋ ನೋಡಬೇಕು.

ತೀರ್ಮಾನ ಹೀಗಾಯಿತು: ಬಿಡುವಿನ ಎಣಿಕೆಗೆ ರಿಜಿಸ್ಟರು, ಹಂಗಾಮಿನ ಒಟ್ಟು ಮಳೆಗೆ ಚೌಕ, ರಿಜಿಸ್ಟರಿನಲ್ಲಿ ಖಾಲಿ ಇದ್ದ ದಿನ ಮಳೆ ಬಂದಿತ್ತೇ ಎಂದು ತಿಳಿಯಲು ಮಾತ್ರ ಉಪಗ್ರಹ.

ಬೆಳೆಯ ಅಂಕಿಗಳಲ್ಲಿ ತೊಡಕು ಬೇರೆ ಬಗೆಯದು. ಮೈಸೂರು ಜಿಲ್ಲೆಯ ರಾಗಿ ವಿಸ್ತೀರ್ಣ ತೊಂಬತ್ತರ ದಶಕದ ಕೊನೆಗೆ ಒಮ್ಮೆಲೇ ಇಳಿದಿತ್ತು. ರೈತರು ರಾಗಿ ಬಿಟ್ಟರು ಎಂದು ಬರೆಯುವಷ್ಟು ಸ್ಪಷ್ಟವಾದ ಇಳಿತ. ಆದರೆ 1997ರಲ್ಲಿ ಚಾಮರಾಜನಗರ ಬೇರೆ ಜಿಲ್ಲೆಯಾಯಿತು. ಗುಂಡ್ಲುಪೇಟೆ, ಕೊಳ್ಳೇಗಾಲ, ಯಳಂದೂರಿನ ಹೊಲಗಳು ಎಲ್ಲೂ ಹೋಗಲಿಲ್ಲ, ಲೆಕ್ಕದ ಪುಸ್ತಕ ಬದಲಾಯಿತು ಅಷ್ಟೆ. ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ ಕೊಡುವ ಜಿಲ್ಲಾವಾರು ಡೇಟಾದಲ್ಲಿ 1966ರ ಗಡಿಗಳಿಗೆ ಹೊಂದಿಸಿದ ಒಂದು ಬಗೆಯೂ ಇದೆ, ಅದನ್ನು ತೆಗೆದುಕೊಂಡಾಗ ಆ ಪ್ರಪಾತ ಮಾಯವಾಯಿತು. ಮೈಸೂರು ಎಂಬ ಹೆಸರಿನ ಇಂಗ್ಲಿಷ್ ಬರವಣಿಗೆ 2014ರ ನವೆಂಬರ್ 1ರಿಂದ ಬದಲಾದದ್ದರಿಂದ ಎರಡು ಫೈಲ್ ಜೋಡಿಸುವಾಗ ಅರ್ಧ ಸಾಲುಗಳು ಸದ್ದಿಲ್ಲದೆ ಬಿಟ್ಟುಹೋಗಿದ್ದವು, ಅದನ್ನೂ ಸರಿಮಾಡಿಕೊಂಡರು.

ಆದದ್ದು

ಪ್ರಬಂಧದ ಹರವು ಚಿಕ್ಕದಾಯಿತು. ಎರಡು ಜಿಲ್ಲೆಗಳ ಬದಲು ನಂಬಬಹುದಾದ ನಾಲ್ಕು ಮಾಪಕಗಳ ಸುತ್ತಲಿನ ಊರುಗಳು. ಪರೀಕ್ಷಕರೊಬ್ಬರು ಇದು ಕಡಿಮೆಯಾಯಿತು ಎಂದು ಬರೆದರು. ನನ್ನ ಅಭಿಪ್ರಾಯ ಬೇರೆ. ನಾಲ್ಕು ಊರಿನ ಸರಿಯಾದ ಉತ್ತರ ಎರಡು ಜಿಲ್ಲೆಯ ತಪ್ಪು ಉತ್ತರಕ್ಕಿಂತ ರೈತರಿಗೆ ಉಪಯೋಗ. ಬಿತ್ತನೆ ದಿನ ಹೇಳುವವರು, ವಿಮೆ ಹಣ ಲೆಕ್ಕ ಹಾಕುವವರು ಇಂಥ ಪ್ರಬಂಧಗಳನ್ನೇ ನೋಡುವುದು.

ಈಗ ಯಾರೇ ಆನ್‌ಲೈನ್ ಡೇಟಾ ತಂದರೂ ನಾನು ಮೊದಲು ಕೇಳುವುದು: ಯಾರು ಅಳೆದರು, ಎಷ್ಟು ಹೊತ್ತಿಗೆ ಅಳೆದರು, ಅಳೆಯದ ದಿನ ಏನು ಬರೆದರು, ಇದು ಎಷ್ಟು ಕೈ ದಾಟಿ ಬಂದಿದೆ. ಉತ್ತರ ಫೈಲಿನಲ್ಲಿ ಇಲ್ಲದಿದ್ದರೆ ಅಳೆದವರನ್ನು ಹುಡುಕಿಕೊಂಡು ಹೋಗಿ ಎನ್ನುತ್ತೇನೆ. ಬಸ್ಸಿನಲ್ಲಿ ಒಂದು ದಿನ ಹೋಗುತ್ತದೆ, ಹೋಗಲಿ.

ಸರಿಪಡಿಸಿದ ಡೇಟಾವನ್ನು ಹಂಚುವಾಗಲೂ ಒಂದು ಪ್ರಶ್ನೆ ಎದುರಾಯಿತು. ಇಲಾಖೆಯ ಫೈಲುಗಳನ್ನು ನಾವು ಮತ್ತೆ ಏರಿಸಿದರೆ ಇನ್ನೊಂದು ಮೂಲವಿಲ್ಲದ ನಕಲು ಹುಟ್ಟುತ್ತದೆ. ಹಾಗಾಗಿ ಅದನ್ನು ಏರಿಸಲಿಲ್ಲ. ಕೋಡ್, ಹಂತಹಂತದ ಟಿಪ್ಪಣಿ, ಮತ್ತು ಕಚೇರಿಯಿಂದ ಲಿಖಿತ ಒಪ್ಪಿಗೆ ಪಡೆದು ಟೈಪ್ ಮಾಡಿದ ರಿಜಿಸ್ಟರಿನ ಲೆಕ್ಕ, ಇಷ್ಟನ್ನು ಝೆನೊಡೊ ಎಂಬ ಸಂಶೋಧನಾ ಡೇಟಾ ಇಡುವ ತಾಣದಲ್ಲಿ ಇಟ್ಟರು. ಅಲ್ಲಿ ಡಿಒಐ ಎಂಬ ಕಾಯಂ ಗುರುತಿನ ಸಂಖ್ಯೆ ಸಿಗುತ್ತದೆ, ಮುಂದೆ ತಿದ್ದಿದರೆ ಹಳೆಯ ಆವೃತ್ತಿಯೂ ಉಳಿಯುತ್ತದೆ. ಟಿಪ್ಪಣಿಯ ಮೊದಲ ಸಾಲು 8:30ರ ಬಗ್ಗೆ. ಗೆರೆಗೂ ಖಾಲಿಗೂ ಬೇರೆ ಬೇರೆ ಗುರುತು. ತಾರೀಖುಗಳು ವರ್ಷ-ತಿಂಗಳು-ದಿನ ಎಂಬ ಕ್ರಮದಲ್ಲಿ, ಯಾವ ದೇಶದ ಎಕ್ಸೆಲ್ಲೂ ತಿರುಗಿಸಲಾಗದಂತೆ.

ಮೂರು ಕಾಲಮ್ಮಿನ ಫೈಲ್ ಇಟ್ಟಿದ್ದ ತಾಣಕ್ಕೆ ತಪ್ಪಿನ ವಿವರವನ್ನೂ ಸರಿಪಡಿಸಿದ ಪ್ರತಿಯನ್ನೂ ಕಳಿಸಿದ್ದಾರೆ. ಉತ್ತರ ಬಂದಿಲ್ಲ, ಫೈಲ್ ಅಲ್ಲೇ ಇದೆ. ಈ ನಡುವೆ ಬೀರುವಿನ ಕೆಳಗಿನ ಅರೆಯಲ್ಲಿ ಇನ್ನೂ ಹಳೆಯ ರಿಜಿಸ್ಟರುಗಳು ಸಿಕ್ಕಿವೆ. ಅವು ಇಂಚು ಮತ್ತು ಸೆಂಟಿನ ಲೆಕ್ಕದಲ್ಲಿವೆ, ನೂರು ಸೆಂಟಿಗೆ ಒಂದು ಇಂಚು, 25.4 ಮಿ.ಮೀ. ಅವನ್ನು ಟೈಪ್ ಮಾಡುವ ಕೆಲಸ ಶುರುವಾಗಿದೆ. ಒಂದು ಕಾಲಮ್ಮಿನಲ್ಲಿ ರಿಜಿಸ್ಟರಿನಲ್ಲಿ ಬರೆದಿರುವ ಹಾಗೆಯೇ, ಪಕ್ಕದ ಕಾಲಮ್ಮಿನಲ್ಲಿ ಮಿಲಿಮೀಟರಿಗೆ ತಿರುಗಿಸಿದ್ದು, ಅದರ ಪಕ್ಕ ಟೈಪ್ ಮಾಡಿದವರ ಹೆಸರಿನ ಮೊದಲ ಅಕ್ಷರ.